ಬಸವಣ್ಣನೂ ಸಗಣಿಹುಳುವೂ

ಕಾರಹುಣ್ಣಿಮೆಯ ಸಂಜೆ. ಬೀದರ್ ತಾಲೂಕಿನ ಬಗದಲ್ ಗ್ರಾಮದಲ್ಲಿ ಅಂದು ಎತ್ತುಗಳದೇ ಹಬ್ಬ. ಮುಂಜಾನೆಯೇ ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ ಬಳಿಸಿಕೊಂಡು, ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ, ಬೆನ್ನಿಗೆ ಜೂಲು ಹೊದ್ದು ನಿಂತ ಎತ್ತುಗಳನ್ನು ನೋಡಲು ಊರಿಗೆ ಊರೇ ಅಗಸೆಯ ಬಳಿ ನೆರೆದಿತ್ತು. ಇನ್ನೇನು, ಕರಿ ಹರಿಯುವ ಹೊತ್ತು. ಮುಂದೆ ಬಂದ ಎತ್ತಿನ ಬಣ್ಣ ಬಿಳಿಯದಾದರೆ ಬಿಳಿಯ ಪೈರು, ಕೆಂಪಾದರೆ ಕೆಂಪು ಪೈರು ಆ ವರ್ಷ ಹುಲುಸಾಗುತ್ತದೆಂಬ ನಂಬಿಕೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದಿನಿಂದ ಬಂದದ್ದು. ಆ ಬಣ್ಣವನ್ನು ಕಾಣುವ ಆತುರ ಎಲ್ಲರ ಕಣ್ಣಲ್ಲಿಯೂ ಇತ್ತು.

ಒಬ್ಬನ ಕಣ್ಣಲ್ಲಿ ಮಾತ್ರ ಇರಲಿಲ್ಲ. ಒಂಬತ್ತು ಹತ್ತು ವರ್ಷದ ಹುಡುಗನೊಬ್ಬ ಬದಿಯ ಹೊಲದ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನೆಲವನ್ನೇ ನೋಡುತ್ತಿದ್ದ. ಮೃಗಶಿರಾ ಮಳೆಯ ಮೊದಲ ಹನಿಗಳು ಎರಡು ದಿನಗಳ ಹಿಂದಷ್ಟೇ ಬಿದ್ದು ನೆಲ ಮೆತ್ತಗಾಗಿತ್ತು. ಆ ನೆಲದ ಮೇಲೆ ಕಡಲೆಕಾಳಿನ ಗಾತ್ರದ ಕರಿಯ ಹುಳುವೊಂದು ತಲೆ ಕೆಳಗೆ, ಹಿಂಗಾಲು ಮೇಲೆ ಮಾಡಿಕೊಂಡು, ತನಗಿಂತ ದೊಡ್ಡದಾದ ಸಗಣಿಯ ಉಂಡೆಯನ್ನು ಹಿಂದು ಹಿಂದಕ್ಕೆ ನೂಕುತ್ತ ಸಾಗಿತ್ತು. ಉಂಡೆ ಒಂದು ಹೆಂಟೆಗೆ ತಾಗಿ ಉರುಳಿ ಬಿತ್ತು. ಹುಳು ಮತ್ತೆ ಅದನ್ನು ಹಿಡಿಯಿತು, ಮತ್ತೆ ನೂಕಿತು, ಮತ್ತೆ ಬಿತ್ತು. ಹುಡುಗ ಹತ್ತಿರದಲ್ಲಿದ್ದ ಮುದುಕನ ಧೋತರ ಜಗ್ಗಿ ಕೇಳಿದ:

"ಮುತ್ಯಾ, ನಮ್ಮ ಎತ್ತಿಗೂ ಈ ಹೆಂಡಿ ಹುಳಕ್ಕೂ ಜಗ್ಗಾಟ ಹಚ್ಚಿದ್ರ ಯಾರ ಗೆಲ್ತಾರ?"

"ಹುಚ್ಚ ಇದ್ದೀ ಏನೋ ತಮ್ಮಾ! ಎತ್ತೆಲ್ಲಿ, ಹುಳ ಎಲ್ಲಿ?" ಎಂದು ಮುದುಕ ನಕ್ಕುಬಿಟ್ಟ. ಅಷ್ಟರಲ್ಲಿ ಅಗಸೆಯ ಕಡೆಯಿಂದ ಕೇಕೆ ಎದ್ದಿತು. ಎಲ್ಲರೂ ಅತ್ತ ಓಡಿದರು. ಹುಡುಗನ ಪ್ರಶ್ನೆ ಬದುವಿನ ಮೇಲೆಯೇ ಉಳಿಯಿತು.

ಪ್ರಶ್ನೆಯೇನೋ ಮಕ್ಕಳಾಟದ್ದು. ಆದರೆ ವಾಚಕರೆ, ಅದನ್ನು ಒಂದಿಷ್ಟು ಬೆನ್ನಟ್ಟಿ ಹೋದರೆ ಅದು ನಮ್ಮನ್ನು ಗೆಲಿಲಿಯೋನ ಗ್ರಂಥದಿಂದ ಆಸ್ಟ್ರೇಲಿಯದ ಹುಲ್ಲುಗಾವಲಿನವರೆಗೆ ಸುತ್ತಾಡಿಸಿ, ಕೊನೆಗೆ ನಮ್ಮದೇ ಹೊಲದ ಮಣ್ಣಿನಲ್ಲಿ ತಂದು ನಿಲ್ಲಿಸುತ್ತದೆ.

ಮೊದಲನೆಯ ಜಟ್ಟಿ

ಮೊದಲು ಎತ್ತಿನ ವಿಚಾರ. ಬೀದರ್ ಸೀಮೆಯಲ್ಲಿ ಎತ್ತು ಎಂದರೆ ದೇವಣಿ. ಈ ತಳಿಗೆ ಹೆಸರು ಕೊಟ್ಟ ದೇವಣಿ ಊರು ಇಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿದೆ. 1956ರಲ್ಲಿ ಭಾಷಾವಾರು ಪ್ರಾಂತಗಳಾಗುವ ಮುನ್ನ ಉದಗೀರ, ನಿಲಂಗಾ, ಅಹಮದಪುರದ ಪ್ರದೇಶಗಳೆಲ್ಲ ಬೀದರ್ ಜಿಲ್ಲೆಗೇ ಸೇರಿದ್ದವು. ಆಮೇಲೆ ನಕಾಶೆಯ ಮೇಲೆ ಗೆರೆ ಬಿದ್ದಿತು. ದನಗಳಿಗೆ ಆ ಗೆರೆ ಕಾಣಲಿಲ್ಲ. ಭಾಲ್ಕಿ, ಔರಾದಗಳ ಕೊಟ್ಟಿಗೆಯಲ್ಲಿಯೂ ಗಡಿಯಾಚೆಯ ಕೊಟ್ಟಿಗೆಯಲ್ಲಿಯೂ ಒಂದೇ ತಳಿಯ ಎತ್ತುಗಳು ಮೆಲುಕು ಹಾಕುತ್ತವೆ. ಈಚೆಗೆ ಕಾರಹುಣ್ಣಿಮೆ, ಆಚೆಗೆ ಶ್ರಾವಣದ ಅಮಾವಾಸ್ಯೆಯ ಪೋಳಾ. ಪೂಜೆಗೆ ನಿಲ್ಲುವ ದೈವ ಮಾತ್ರ ಒಂದೇ.

ಗುಜರಾತಿನ ಗೀರ್, ಸಹ್ಯಾದ್ರಿಯ ಡಾಂಗಿ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ಸುಮಾರು ಎರಡು ಶತಮಾನಗಳಲ್ಲಿ ಈ ತಳಿ ರೂಪುಗೊಂಡಿತೆಂದು ಪಶುತಜ್ಞರು ಹೇಳುತ್ತಾರೆ. ಇದರಲ್ಲಿ ಮೂರು ಬಗೆ. ಮೈ ಬೆಳ್ಳಗಿದ್ದು ಮುಖದ ಎರಡು ಪಕ್ಕ ಕಪ್ಪಾದದ್ದು ವನ್ನೇರಾ. ಬಿಳಿಯ ಮೈಮೇಲೆ ಕರಿಯ ಮಚ್ಚೆಗಳು ಚೆಲ್ಲಿದಂತಿರುವುದು ಶೇವೇರಾ. ಬಹುಮಟ್ಟಿಗೆ ಅಚ್ಚ ಬಿಳಿಯದು ಬಾಲಂಕ್ಯಾ. ಆಕಳು ಹಾಲಿಗೂ ಆಯಿತು, ಹೋರಿ ಉಳುಮೆಗೂ ಆಯಿತು. ಎರಡಕ್ಕೂ ಒದಗುವ ತಳಿಯಿದು. ಚೆನ್ನಾಗಿ ಬೆಳೆದ ಹೋರಿ ಆರುನೂರು ಕಿಲೋಗ್ರಾಂ ತೂಗುವುದುಂಟು. ಹಳ್ಳಿಖೇಡ (ಬಿ) ಬಳಿ ಈ ತಳಿಗೆಂದೇ ಸಂಶೋಧನಾ ಕೇಂದ್ರವೊಂದಿದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯ ನೆಲೆಸಿರುವುದೂ ಬೀದರಿನಲ್ಲಿಯೇ.

ಇಂಥ ಬೃಹತ್ಕಾಯದ ಒಳಗೆ ನಡೆಯುವ ವ್ಯವಹಾರ ನೋಡಿ. ಜೋಳದ ಕಣಿಕೆಯಾಗಲಿ, ಬದುವಿನ ಹುಲ್ಲಾಗಲಿ, ನಾವು ತಿಂದರೆ ನಮಗೆ ಅದರಿಂದ ಸತ್ವ ಸಿಕ್ಕುವುದಿಲ್ಲ. ಎತ್ತಿನ ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಎತ್ತು ಅವಸರದಲ್ಲಿ ನುಂಗಿದ ಮೇವನ್ನು ನೆರಳಿನಲ್ಲಿ ಕುಳಿತು ಮತ್ತೆ ಬಾಯಿಗೆ ತಂದು ಅಗಿದು ಕೊಟ್ಟರೆ, ಆ ಜೀವಿಗಳು ನಾರನ್ನು ಒಡೆದು ಸತ್ವ ಮಾಡಿಕೊಡುತ್ತವೆ. ಆದರೂ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲ ಸಗಣಿಯ ರೂಪದಲ್ಲಿ ಹೊರಬೀಳುವ ಪದಾರ್ಥದಲ್ಲಿ ನೀರಿದೆ, ನಾರಿದೆ, ಸಾರಜನಕವಿದೆ, ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಎತ್ತಿಗೆ ಬೇಡವಾದ ಈ ಸಂಪತ್ತೇ ನಮ್ಮ ಎರಡನೆಯ ಜಟ್ಟಿಯ ಭಂಡಾರ.

ಎರಡನೆಯ ಜಟ್ಟಿ

ಸಗಣಿಯವನ ಸಂಗಡ ಸರಸಕ್ಕಿಂತ ಗಂಧದವನ ಸಂಗಡ ಗುದ್ದಾಟ ಲೇಸು ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಈ ಹುಳುವಿನ ಕಡೆಗೆ ಹೆಚ್ಚು ಗಮನ ಕೊಟ್ಟಂತೆ ಕಾಣುವುದಿಲ್ಲ. ಪ್ರಾಚೀನ ಈಜಿಪ್ಟಿನವರು ಕೊಟ್ಟರು. ಉಂಡೆಯನ್ನು ಉರುಳಿಸುವ ಹುಳುವಿನಲ್ಲಿ ಅವರು ಸೂರ್ಯಬಿಂಬವನ್ನು ಆಕಾಶದಲ್ಲಿ ಉರುಳಿಸುವ ದೇವತೆಯನ್ನೇ ಕಂಡರು. ಅದರ ಆಕೃತಿಯನ್ನು ಕಲ್ಲಿನಲ್ಲಿ ಕೆತ್ತಿ ತಾಯಿತ ಮಾಡಿ ಧರಿಸಿದರು.

ಜಗತ್ತಿನಲ್ಲಿ ಇಂದಿನವರೆಗೆ ಹೆಸರಿಟ್ಟಿರುವ ಜೀರುಂಡೆಯ ಜಾತಿಯ ಕೀಟಗಳು ಸುಮಾರು ನಾಲ್ಕು ಲಕ್ಷ ಬಗೆ. ಹಾಲೂಡಿಸುವ ಪ್ರಾಣಿಗಳಾದರೋ, ಇಲಿಯಿಂದ ತಿಮಿಂಗಿಲದವರೆಗೆ ಎಲ್ಲವನ್ನೂ ಎಣಿಸಿದರೂ, ಆರೇಳು ಸಾವಿರ ಬಗೆ. ಆ ನಾಲ್ಕು ಲಕ್ಷದಲ್ಲಿ ಸಗಣಿಯನ್ನೇ ನಂಬಿ ಬದುಕುವ ಹುಳುಗಳೇ ಆರು ಸಾವಿರಕ್ಕೂ ಮಿಗಿಲು. ಭಾರತದ ಸಗಣಿಹುಳುಗಳನ್ನು ಕುರಿತು ಗಿಲ್ಬರ್ಟ್ ಆ್ಯರೋ ಎಂಬ ವಿದ್ವಾಂಸನು 1931ರಲ್ಲಿಯೇ ಒಂದು ದೊಡ್ಡ ಸಂಪುಟ ಪ್ರಕಟಿಸಿದನು.

ಇವುಗಳ ಬಾಳ್ವೆಯಲ್ಲಿ ಮೂರು ರೀತಿಯುಂಟು. ಮೊದಲನೆಯವು ಉರುಳಿಸುವವು. ಸಗಣಿಯಿಂದ ಒಂದು ತುಂಡು ಕತ್ತರಿಸಿ, ಮುಂಗಾಲಿನಿಂದ ತಟ್ಟಿ ಉಂಡೆ ಮಾಡಿ, ಹಿಂಗಾಲಿನಿಂದ ದೂರಕ್ಕೆ ನೂಕಿಕೊಂಡು ಹೋಗಿ ಹುಗಿಯುತ್ತವೆ. ಬಗದಲ್ಲಿನ ಹುಡುಗ ಕಂಡದ್ದು ಇಂಥದನ್ನು. ಎರಡನೆಯವು ತೋಡುವವು. ಅವು ಎಲ್ಲಿಗೂ ಹೋಗುವುದಿಲ್ಲ. ಸಗಣಿ ಬಿದ್ದ ಕಡೆಯೇ, ಅದರ ಅಡಿಯಿಂದ ನೇರವಾಗಿ ನೆಲದೊಳಕ್ಕೆ ಸುರಂಗ ಕೊರೆದು, ಸರಕನ್ನು ಕೆಳಗಿಳಿಸಿ ಉಗ್ರಾಣ ತುಂಬುತ್ತವೆ. ಮೂರನೆಯವು ಅಲ್ಲಿಯೇ, ಸಗಣಿಯ ಒಳಗೇ, ಸಂಸಾರ ಹೂಡುವವು.

ಬಲಿತ ಹುಳು ಸಗಣಿಯನ್ನು ಅಗಿದು ತಿನ್ನುತ್ತದೆಂದು ನಾವು ತಿಳಿಯುತ್ತೇವೆ, ಅದು ತಪ್ಪು. ಅದು ಹಸಿ ಸಗಣಿಯ ರಸವನ್ನೂ ಅದರಲ್ಲಿರುವ ಅತಿ ಸೂಕ್ಷ್ಮ ಕಣಗಳನ್ನೂ ಸೋಸಿ ಹೀರುತ್ತದೆ. ನಾರನ್ನು ಅಗಿಯುವ ದವಡೆಯಿರುವುದು ಅದರ ಮರಿಗೆ. ಆ ಮರಿಯ ತೊಟ್ಟಿಲನ್ನು ಕಂಡುಹಿಡಿದ ಕಥೆಯೂ ಸ್ವಾರಸ್ಯವಾದದ್ದು. ಫ್ರಾನ್ಸಿನ ಹಳ್ಳಿಯೊಂದರಲ್ಲಿ ನೆಲೆಸಿ, ಹುಳುಹುಪ್ಪಟೆಗಳನ್ನು ನೋಡುವುದರಲ್ಲಿಯೇ ಬಾಳು ಸವೆಸಿದ ಝಾಂ ಆಂರಿ ಫಾಬ್ರ್ ಎಂಬ ಉಪಾಧ್ಯಾಯನಿಗೆ ಒಂದು ಸಂಶಯವಿತ್ತು. ಉರುಳುವ ಉಂಡೆಯೊಳಗೆ ಮೊಟ್ಟೆಯಿರುತ್ತದೆಂದು ಹಿಂದಿನವರೆಲ್ಲ ಬರೆದಿದ್ದರು. ದಾರಿಯುದ್ದಕ್ಕೂ ಗುಡುಗುಡು ಉರುಳುವ ಮನೆಯಲ್ಲಿ ಮೊಟ್ಟೆ ಹೇಗೆ ಬದುಕೀತು? ಅವನು ಎಷ್ಟೋ ವರ್ಷ ಕಾದು, ಅಗೆದು ನೋಡಿದ. ಉರುಳುವ ಉಂಡೆ ಬರಿಯ ಬುತ್ತಿ. ಮೊಟ್ಟೆಯ ಮನೆ ಬೇರೆಯೇ ಇತ್ತು. ನೆಲದೊಳಗೆ ತಾಯಿಹುಳು ನುಣ್ಣಗೆ ತಿದ್ದಿ, ಪೇರಲಹಣ್ಣಿನಂತೆ ತುದಿಯಲ್ಲಿ ಕತ್ತು ಸಣ್ಣಗಾಗುವ ಇನ್ನೊಂದು ಉಂಡೆ ಮಾಡಿ, ಆ ಕತ್ತಿನಲ್ಲಿ ಒಂದೇ ಒಂದು ಮೊಟ್ಟೆಯಿಟ್ಟಿತ್ತು. ಗಾಳಿ ಆಡುವ ಜಾಗ ಅದು. ಹುಟ್ಟಿದ ಮರಿ ಮನೆಯ ಗೋಡೆಯನ್ನೇ ಒಳಗಿನಿಂದ ತಿನ್ನುತ್ತ ಬೆಳೆಯುತ್ತದೆ. ಗೋಡೆ ಎಲ್ಲಾದರೂ ಬಿರಿದರೆ ತನ್ನ ಮಲದಿಂದಲೇ ಮೆತ್ತಿಕೊಳ್ಳುತ್ತದೆ.

ಬೇರೆ ಕೀಟಗಳಂತೆ ಇದು ನೂರಾರು ಮೊಟ್ಟೆಯಿಟ್ಟು ಹಾರಿಹೋಗುವುದಿಲ್ಲ. ಇಡುವುದು ಕೆಲವೇ ಮೊಟ್ಟೆ. ಪ್ರತಿಯೊಂದಕ್ಕೂ ಒಂದು ಮನೆ, ಆ ಮನೆಯ ತುಂಬ ಊಟ. ಒಂದು ತಾಯಿ ಸತ್ತರೆ ತುಂಬಿಕೊಳ್ಳುವುದು ಸುಲಭವಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ತಕ್ಕಡಿಯಲ್ಲಿಟ್ಟರೆ

ಈಗ ಜಗ್ಗಾಟ. ಲಂಡನ್ನಿನ ಮತ್ತು ಪಶ್ಚಿಮ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ರಾಬರ್ಟ್ ನೆಲ್ ಮತ್ತು ಲೀ ಸಿಮನ್ಸ್, ತೋಡುವ ಪಂಗಡದ ಒಂದು ಸಗಣಿಹುಳುವಿಗೆ ದಾರ ಕಟ್ಟಿ, ಭಾರ ಏರಿಸುತ್ತ ಹೋಗಿ ಅದರ ಬಲ ಅಳೆದರು. 2010ರಲ್ಲಿ ಫಲಿತಾಂಶ ಹೊರಬಿದ್ದಾಗ ಜಗತ್ತೇ ಬೆರಗಾಯಿತು. ಎಲ್ಲಕ್ಕಿಂತ ಬಲಶಾಲಿಯಾದ ಹುಳು ತನ್ನ ಮೈತೂಕದ 1,141 ಪಟ್ಟು ಭಾರವನ್ನು ತಡೆದು ಜಗ್ಗಿತ್ತು! ಈ ಹುಳುವಿನ ಗಂಡಿಗೆ ತಲೆಯ ಮೇಲೆ ಎರಡು ಬಾಗಿದ ಕೊಂಬು. ಸುರಂಗದ ಬಾಯಲ್ಲಿ ಹೆಣ್ಣಿಗಾಗಿ ಗಂಡುಗಂಡಿಗೆ ಕೊಂಬು ಕೊಂಬು ತಾಗಿಸಿ ಹೋರಾಟ ನಡೆಯುತ್ತದೆ. ಈ ಬಲವೆಲ್ಲ ಆ ಗರಡಿಯಲ್ಲಿ ಗಳಿಸಿದ್ದು. ಶಾಸ್ತ್ರಜ್ಞರು ಇದಕ್ಕೆ ಇಟ್ಟ ಹೆಸರಾದರೂ ಏನು? ಆಂಥೊಫೇಗಸ್ ಟಾರಸ್. ಟಾರಸ್ ಎಂದರೆ ವೃಷಭ. ನಮ್ಮಲ್ಲಿ ಎತ್ತಿಗೆ ಬಸವಣ್ಣ ಎಂದರೆ, ಅವರು ಹುಳುವಿಗೇ ಬಸವಣ್ಣ ಎಂದರು!

ನಮ್ಮ ದೇವಣಿ ಹೋರಿಗೂ ಇದೇ ಲೆಕ್ಕ ಹಾಕೋಣ. ಆರುನೂರು ಕಿಲೋ ತೂಕದ ಹೋರಿ 1,141 ಪಟ್ಟು ಜಗ್ಗಬೇಕಾದರೆ ಸುಮಾರು 685 ಟನ್ ಆಯಿತು. ಅದು ಗಾಡಿಯ ಭಾರವಲ್ಲ, ರೈಲಿನ ಭಾರ. ಅಂದಮೇಲೆ ಹುಳುವೇ ಗೆದ್ದಿತೆ?

ತೀರ್ಪು ಕೊಡುವ ಮೊದಲು ಗೆಲಿಲಿಯೋನನ್ನು ಕೇಳಬೇಕು. 1638ರಲ್ಲಿ ಅಚ್ಚಾದ ತನ್ನ ಕೊನೆಯ ಗ್ರಂಥದಲ್ಲಿ ಆತ ಈ ಸೋಜಿಗವನ್ನು ವಿಚಾರಿಸಿದ್ದಾನೆ. ಸಣ್ಣ ನಾಯಿ ತನ್ನಂಥ ಎರಡು ಮೂರು ನಾಯಿಗಳನ್ನು ಬೆನ್ನ ಮೇಲೆ ಹೊರಬಹುದು. ಕುದುರೆ ತನ್ನಂಥ ಒಂದೇ ಕುದುರೆಯನ್ನೂ ಹೊರಲಾರದು. ಏಕೆ? ಸ್ನಾಯುವಿನ ಬಲ ಅದರ ದಪ್ಪವನ್ನು ಅವಲಂಬಿಸಿದೆ. ತೂಕವಾದರೋ ಇಡೀ ಗಾತ್ರವನ್ನು. ಒಂದು ಪ್ರಾಣಿಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದರೆ ಬಲ ನಾಲ್ಕರಷ್ಟಾಗುತ್ತದೆ, ತೂಕ ಎಂಟರಷ್ಟಾಗುತ್ತದೆ. ಅಂದರೆ ದೊಡ್ಡದಾದಷ್ಟೂ ಪ್ರಾಣಿ ತನ್ನ ತೂಕದ ಎದುರಿಗೆ ಬಡವಾಗುತ್ತ ಹೋಗುತ್ತದೆ.

ಸೆಂಟಿಮೀಟರ್ ಉದ್ದದ ಹುಳುವನ್ನು ಮಂತ್ರ ಹಾಕಿ ಎರಡು ಮೀಟರ್ ಉದ್ದದ ಎತ್ತಿನಷ್ಟು ಮಾಡಿದೆವೆಂದಿಟ್ಟುಕೊಳ್ಳಿ. ಉದ್ದ 200 ಪಟ್ಟಾಯಿತು. ಬಲ 40 ಸಾವಿರ ಪಟ್ಟಾಯಿತು. ತೂಕ 80 ಲಕ್ಷ ಪಟ್ಟಾಯಿತು. ಹುಳುವಿನ ತೂಕ ಗ್ರಾಮಿನ ಹತ್ತರಲ್ಲಿ ಒಂದು ಪಾಲೆಂದು ಹಿಡಿದರೆ, ದೊಡ್ಡದಾದ ಮೇಲೆ ಅದು 800 ಕಿಲೋ ತೂಗುತ್ತದೆ. 1,141 ಪಟ್ಟಿನ ಪರಾಕ್ರಮವೆಲ್ಲ ಕುಗ್ಗಿ ಐದಾರು ಪಟ್ಟಿಗೆ ಇಳಿಯುತ್ತದೆ. ಅಷ್ಟೇ ಅಲ್ಲ. ಹುಳುವಿಗೆ ಶ್ವಾಸಕೋಶವಿಲ್ಲ, ಮೈಯ ಪಕ್ಕದ ರಂಧ್ರಗಳಿಂದ ಸಣ್ಣ ನಾಳಗಳ ಮೂಲಕ ಗಾಳಿ ಒಳಹೋಗಬೇಕು. ಎತ್ತಿನ ಗಾತ್ರದ ಹುಳುವಿಗೆ ಆ ಗಾಳಿ ಸಾಲದೆ ಉಸಿರುಕಟ್ಟುತ್ತದೆ. ಅದೇ ರೀತಿ ಎತ್ತನ್ನು ಹುಳುವಿನಷ್ಟು ಮಾಡಿದರೆ, ಆ ಪುಟ್ಟ ಹೊಟ್ಟೆಯಲ್ಲಿ ಹುಲ್ಲನ್ನು ಅಷ್ಟು ಹೊತ್ತು ಇಟ್ಟು ಹುಳಿಸುವ ಅವಕಾಶವೇ ಇರದು.

ಆದುದರಿಂದ ಮುತ್ಯಾನ ಮಾತೂ ಸರಿ, ಮೊಮ್ಮಗನ ಸಂಶಯವೂ ಸರಿ. ಹುಳು ಎತ್ತಾಗಲಾರದು, ಎತ್ತು ಹುಳುವಾಗಲಾರದು. ಎರಡನ್ನೂ ಒಂದೇ ಹಗ್ಗದ ಎರಡು ತುದಿಗೆ ಕಟ್ಟುವುದೇ ತಪ್ಪು.

ನಕ್ಷತ್ರಗಳ ದಾರಿ

ಬಲವನ್ನು ಬಿಟ್ಟು ಬುದ್ಧಿಯನ್ನು ನೋಡಿದರೆ? ಗಾಡಿಯಲ್ಲಿ ಒಡೆಯ ನಿದ್ದೆ ಹೋದರೂ ಎತ್ತು ಮನೆಯ ದಾರಿ ತಪ್ಪುವುದಿಲ್ಲವೆಂಬುದನ್ನು ನಮ್ಮ ರೈತರೆಲ್ಲ ಬಲ್ಲರು. ಹುಳುವಿಗೆ ಮನೆಯ ದಾರಿ ಬೇಕಾಗಿಲ್ಲ. ಉಂಡೆಯನ್ನು ಕಸಿಯಲು ಬರುವ ಕಳ್ಳಹುಳುಗಳಿಂದ ಬೇಗ ದೂರವಾಗಬೇಕು. ಅದಕ್ಕೆ ಬೇಕಾದದ್ದು ನೇರವಾದ ದಾರಿ. ಸುತ್ತಿ ಸುಳಿದರೆ ಮತ್ತೆ ಕಳ್ಳರ ಮಧ್ಯಕ್ಕೇ ಬಂದು ಬೀಳುತ್ತದೆ. ಹಗಲಿನಲ್ಲಿ ಸೂರ್ಯನಿದ್ದಾನೆ, ಬೆಳುದಿಂಗಳಿನಲ್ಲಿ ಚಂದ್ರನಿದ್ದಾನೆ. ಚಂದ್ರನಿಲ್ಲದ ರಾತ್ರಿ?

ಸ್ವೀಡನ್ನಿನ ಮಾರಿ ಡಾಕೆ ಎಂಬ ವಿಜ್ಞಾನಿ ಮತ್ತು ಆಕೆಯ ಸಂಗಡಿಗರು ದಕ್ಷಿಣ ಆಫ್ರಿಕದ ಸಗಣಿಹುಳುಗಳ ತಲೆಗೆ ಕಾಗದದ ಪುಟ್ಟ ಟೊಪ್ಪಿಗೆ ಹಾಕಿ ನೋಡಿದರು. ಆಕಾಶ ಮರೆಯಾದೊಡನೆ ಹುಳುಗಳು ದಾರಿ ತಪ್ಪಿ ಅಡ್ಡಾದಿಡ್ಡಿ ಅಲೆದವು. ಅನಂತರ ಜೊಹಾನ್ಸ್‌ಬರ್ಗಿನ ತಾರಾಲಯದೊಳಗೆ ಅವನ್ನು ಬಿಟ್ಟು, ಮೇಲಿನ ಗುಮ್ಮಟದಲ್ಲಿ ಆಕಾಶಗಂಗೆಯನ್ನು ಮಾತ್ರ ಮೂಡಿಸಿದರು. ಹುಳುಗಳು ನೆಟ್ಟಗೆ ನಡೆದವು! ಆಕಾಶಗಂಗೆಯನ್ನು ನೋಡಿ ದಾರಿ ಹಿಡಿಯುವ ಪ್ರಾಣಿಯೊಂದಿದೆಯೆಂದು 2013ರಲ್ಲಿ ಮೊದಲ ಸಲ ಜಗತ್ತಿಗೆ ತಿಳಿದದ್ದು ಹೀಗೆ. ಸಗಣಿಯಲ್ಲಿ ಬಾಳುವ ಜೀವ ನಕ್ಷತ್ರಗಳನ್ನು ನೋಡಿ ನಡೆಯುತ್ತದೆಂದರೆ, ಕೀಳು ಮೇಲೆಂಬ ನಮ್ಮ ಎಣಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಲ್ಲವೆ?

ಹುಳುವಿಲ್ಲದ ನಾಡು

ಎತ್ತು ಹೆಚ್ಚೋ ಹುಳು ಹೆಚ್ಚೋ ಎಂಬ ಜಗಳವನ್ನು ಒಂದು ದೇಶ ತಿಳಿಯದೆಯೇ ಪರೀಕ್ಷೆ ಮಾಡಿ ನೋಡಿತು. ಅದು ಆಸ್ಟ್ರೇಲಿಯ. 1788ರಲ್ಲಿ ಇಂಗ್ಲೆಂಡಿನಿಂದ ಹೋದ ಮೊದಲ ವಲಸೆಗಾರರ ಹಡಗುಗಳಲ್ಲಿ ಕೆಲವು ದನಗಳೂ ಇದ್ದವು. ಅದುವರೆಗೆ ಆ ಖಂಡ ದನವನ್ನೇ ಕಂಡಿರಲಿಲ್ಲ. ಹುಲ್ಲು ಬೇಕಾದಷ್ಟಿತ್ತು, ದನಗಳು ಲಕ್ಷಗಟ್ಟಲೆಯಾದವು, ಕೋಟಿಯಾದವು. ಎಲ್ಲವೂ ಚೆನ್ನಾಗಿಯೇ ಇತ್ತು, ಒಂದನ್ನು ಬಿಟ್ಟು. ಸಗಣಿ ಬಿದ್ದಲ್ಲಿಯೇ ಉಳಿಯಿತು.

ಆ ನಾಡಿನಲ್ಲಿ ಸಗಣಿಹುಳುಗಳಿರಲಿಲ್ಲವೆಂದಲ್ಲ. ಇದ್ದವು, ಆದರೆ ಅವೆಲ್ಲ ಕಾಂಗರೂವಿನಂಥ ಪ್ರಾಣಿಗಳ ಒಣಗಿದ ಹಿಕ್ಕೆಗೆ ಒಗ್ಗಿಕೊಂಡವು. ದನದ ದೊಡ್ಡ ತೇವದ ಸಗಣಿ ಅವುಗಳಲ್ಲಿ ಬಹುತೇಕಕ್ಕೆ ಒಗ್ಗಲಿಲ್ಲ. ಬಿಸಿಲಿಗೆ ಗಟ್ಟಿಯಾದ ಸಗಣಿಯ ಹೆಪ್ಪು ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ, ಹಾಗೆಯೇ ಬಿದ್ದಿರುತ್ತಿತ್ತು. ಅದರ ಅಡಿಯ ಹುಲ್ಲು ಸತ್ತಿತು. ಸುತ್ತಲಿನ ಹುಲ್ಲನ್ನು ದನಗಳು ಮೂಸಿ ಬಿಟ್ಟುಬಿಟ್ಟವು. ಹಸಿ ಸಗಣಿಯಲ್ಲಿ ನೊಣಗಳು ಕೋಟಿ ಕೋಟಿಯಾಗಿ ಹುಟ್ಟಿದವು. ದನದ ರಕ್ತ ಹೀರುವ ನೊಣ ಒಂದು, ಮನುಷ್ಯನ ಕಣ್ಣು ಮೂಗಿಗೆ ಮುತ್ತುವ ನೊಣ ಇನ್ನೊಂದು. ಮುಖದ ಮುಂದೆ ಸದಾ ಕೈಬೀಸಿ ನೊಣ ಓಡಿಸುವುದಕ್ಕೆ ಆಸ್ಟ್ರೇಲಿಯದ ಸಲಾಮು ಎಂದು ಹಾಸ್ಯದ ಹೆಸರೇ ಹುಟ್ಟಿಕೊಂಡಿತು.

1950ರ ಸುಮಾರಿಗೆ ಹಂಗೆರಿಯಿಂದ ಅಲ್ಲಿಗೆ ವಲಸೆ ಹೋದ ಜಾರ್ಜ್ ಬೋರ್ನೆಮಿಸ ಎಂಬ ಕೀಟವಿಜ್ಞಾನಿಗೆ ಈ ಹುಲ್ಲುಗಾವಲು ವಿಚಿತ್ರವಾಗಿ ಕಂಡಿತು. ತನ್ನ ದೇಶದಲ್ಲಿ ಸಗಣಿಯನ್ನು ಹುಳುಗಳು ನೆಲಕ್ಕಿಳಿಸುತ್ತಿದ್ದವು. ಇಲ್ಲಿ ಆ ಕೆಲಸಗಾರರೇ ಇಲ್ಲ. ದನವನ್ನು ತಂದವರು ಅದರ ಜೊತೆಗಾರನನ್ನು ತರಲು ಮರೆತಿದ್ದರು! ಅವನ ಸಲಹೆಯಂತೆ ಆ ದೇಶದ ಸರಕಾರಿ ಸಂಶೋಧನಾ ಸಂಸ್ಥೆ 1965ರಿಂದ ಎರಡು ದಶಕಗಳ ಕಾಲ ಒಂದು ಅಪೂರ್ವ ಕಾರ್ಯಕ್ರಮ ನಡೆಸಿತು. ಆಫ್ರಿಕ, ಯುರೋಪುಗಳಿಂದ ಆಯ್ದ ಹುಳುಗಳ ಮೊಟ್ಟೆಗಳನ್ನು ರೋಗ ತಗಲದಂತೆ ತೊಳೆದು, ಕೈಯಿಂದಲೇ ಸಗಣಿಯುಂಡೆ ಮಾಡಿ ಅದರೊಳಗೆ ಇಟ್ಟು ಮರಿ ಮಾಡಿಸಿ, ಹುಲ್ಲುಗಾವಲಿಗೆ ಬಿಟ್ಟರು. ಹೀಗೆ ತಂದ 43 ಬಗೆಗಳಲ್ಲಿ 23 ಬಗೆಗಳು ಅಲ್ಲಿ ನೆಲೆಯೂರಿದವು. ಎಲ್ಲೆಲ್ಲಿ ಅವು ಹಬ್ಬಿದವೋ ಅಲ್ಲಿ ಸಗಣಿ ಒಂದೆರಡು ದಿನದಲ್ಲಿಯೇ ನೆಲದ ಪಾಲಾಗತೊಡಗಿತು. ನೊಣದ ಹಾವಳಿಯೂ ಇಳಿಯಿತು.

ಹುಳುಗಳು ಮನಸ್ಸು ಮಾಡಿದರೆ ಎಷ್ಟು ಬೇಗ ಕೆಲಸ ಮುಗಿಸುತ್ತವೆಂಬುದಕ್ಕೆ ಆಫ್ರಿಕದ ಒಂದು ಲೆಕ್ಕವಿದೆ. ಕೆನ್ಯಾ ದೇಶದಲ್ಲಿ ಆನೆಯ ಲದ್ದಿಯ ಮೇಲೆ ಕಣ್ಣಿಟ್ಟಿದ್ದ ಇಬ್ಬರು ವಿಜ್ಞಾನಿಗಳು 1974ರಲ್ಲಿ ಬರೆದಂತೆ, ಒಂದೂವರೆ ಕಿಲೋ ಲದ್ದಿಗೆ 16,000 ಹುಳುಗಳು ಬಂದು ಎರಡೇ ಗಂಟೆಗಳಲ್ಲಿ ಅದನ್ನು ತಿಂದು, ಹುಗಿದು, ಉರುಳಿಸಿಕೊಂಡು ಹೋಗಿ ಮುಗಿಸಿದವು!

ನಮ್ಮ ಹೊಲದ ಮಾತು

ನಮ್ಮ ನಾಡಿನಲ್ಲಿ ಇಂಥ ಪರೀಕ್ಷೆ ನಡೆಯುವ ಪ್ರಸಂಗ ಬರಲಿಲ್ಲ. ಎಮ್ಮೆ, ಆಕಳು, ಕಾಡುಕೋಣಗಳು ದಖ್ಖನ್ನಿನ ಹುಲ್ಲನ್ನು ಸಹಸ್ರಾರು ವರ್ಷಗಳಿಂದ ಮೇಯುತ್ತಿವೆ. ಹುಳುಗಳೂ ಅಷ್ಟೇ ಕಾಲದಿಂದ ಅವುಗಳ ಹಿಂದೆ ನಡೆದಿವೆ. ಬೇಸಿಗೆಯಲ್ಲಿ ಬೀದರಿನ ಜಂಬಿಟ್ಟಿಗೆಯ ನೆಲ ಕಾದ ಹಂಚಿನಂತಾದಾಗ ಹುಳುಗಳು ಆಳದಲ್ಲಿ ಅಡಗಿರುತ್ತವೆ. ಒಣಗಿದ ಸಗಣಿಯನ್ನು ಆಗ ಗೆದ್ದಲು ತಿಂದು ಮುಗಿಸುತ್ತದೆ. ಮೃಗಶಿರಾ ಮಳೆ ಬಿದ್ದು ನೆಲ ನೆನೆದೊಡನೆ ಹುಳುಗಳು ಮೇಲೆ ಬರುತ್ತವೆ. ಎತ್ತಿಗೆ ಹಬ್ಬ ಮಾಡುವ ಕಾರಹುಣ್ಣಿಮೆಯೂ ಇದೇ ಹೊತ್ತಿಗೆ ಬರುತ್ತದೆ. ಊರಿನವರು ಅಗಸೆಯಲ್ಲಿ ಎತ್ತಿನ ಮೆರವಣಿಗೆ ನೋಡುತ್ತಿರುವಾಗ, ಬದುವಿನ ಮೇಲೆ ಹುಳುಗಳ ಮೆರವಣಿಗೆ ಯಾರ ಗಮನವೂ ಇಲ್ಲದೆ ಹೊರಡುತ್ತದೆ.

ಅವು ಮಾಡುವ ಕೆಲಸವನ್ನು ಸ್ವಲ್ಪ ಎಣಿಸೋಣ. ಬಿಸಿಲಿನಲ್ಲಿ ಬಿದ್ದ ಸಗಣಿಯ ಸಾರಜನಕದಲ್ಲಿ ಬಹುಪಾಲು ಗಾಳಿಯ ಪಾಲಾಗುತ್ತದೆ. ನೆಲದೊಳಗೆ ಇಳಿದರೆ ಬೇರಿಗೆ ಸಿಕ್ಕುತ್ತದೆ. ಹುಳು ಕೊರೆದ ಸುರಂಗದಲ್ಲಿ ಮಳೆಯ ನೀರು ಇಳಿಯುತ್ತದೆ, ಗಾಳಿ ಆಡುತ್ತದೆ. ನೊಣದ ಮೊಟ್ಟೆಗಳಿಗೂ ದನದ ಹೊಟ್ಟೆಯ ಜಂತುಗಳ ಮರಿಗಳಿಗೂ ಬೆಳೆಯಲು ಹಸಿ ಸಗಣಿ ಉಳಿಯದಂತಾಗುತ್ತದೆ. ಹೀಗೆ ಎತ್ತಿನ ಸಗಣಿಯಿಂದ ಹುಳು ಬದುಕುತ್ತದೆ. ಹುಳುವಿನ ದುಡಿಮೆಯಿಂದ ಎತ್ತು ಮೇಯುವ ಹುಲ್ಲು ಚಿಗುರುತ್ತದೆ, ಅದರ ಮೈಯ ರೋಗವೂ ತಗ್ಗುತ್ತದೆ.

ಈ ಹಳೆಯ ಒಪ್ಪಂದ ಇಂದು ಸಡಿಲವಾಗುತ್ತಿರುವುದೇ ಚಿಂತೆಯ ಸಂಗತಿ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಎತ್ತಿನ ಜೋಡಿಯನ್ನು ವರ್ಷವಿಡೀ ಸಾಕುವ ಖರ್ಚು ಸಣ್ಣ ಒಕ್ಕಲಿಗನಿಗೆ ಭಾರವಾಗಿದೆ. ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಸೋಯಾಬೀನ್ ಬೆಳೆಯುತ್ತದೆ. ಜೋಳ ಹೋದರೆ ಕಣಿಕೆಯೂ ಹೋಯಿತು. ದೇವಣಿಯ ಸಂಖ್ಯೆ ಇಳಿಯುತ್ತಿದೆಯೆಂಬ ಕಳವಳ ಪಶುವೈದ್ಯರಿಗೂ ಇದೆ, ಹಳ್ಳಿಯ ಹಿರಿಯರಿಗೂ ಇದೆ. ಆದರೆ ಎತ್ತು ಕಡಿಮೆಯಾದರೆ ಸಂತೆಯಲ್ಲಿ ಕಾಣುತ್ತದೆ, ಗಣತಿಯಲ್ಲಿ ಬೀಳುತ್ತದೆ. ಹುಳು ಕಡಿಮೆಯಾದರೆ ಎಣಿಸುವವರಾರು?

ಇನ್ನೊಂದು ಅಪಾಯ ಔಷಧಿಯ ರೂಪದಲ್ಲಿ ಬಂದಿದೆ. ಜಪಾನಿನ ಮಣ್ಣಿನಲ್ಲಿ ಸತೋಶಿ ಒಮುರ ಕಂಡುಹಿಡಿದ ಸೂಕ್ಷ್ಮಜೀವಿಯಿಂದ ತಯಾರಾದ ಐವರ್‌ಮೆಕ್ಟಿನ್ ಎಂಬ ಮದ್ದು 1981ರಲ್ಲಿ ಪಶುಗಳ ಚಿಕಿತ್ಸೆಗೆ ಬಂದಿತು. ಜಂತುಹುಳು, ಉಣ್ಣೆ, ಕಜ್ಜಿಗಳಿಗೆ ಅದು ರಾಮಬಾಣ. ಮನುಷ್ಯರಲ್ಲಿಯೂ ಕುರುಡುತನ ತರುವ ಒಂದು ರೋಗವನ್ನು ಅದು ತಡೆಯಿತು. ಅದಕ್ಕಾಗಿ ಒಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ಇಂಥ ಮದ್ದನ್ನು ಹಳಿಯುವುದು ಸಲ್ಲದು. ಆದರೆ ಮದ್ದಿನ ಬಹುಪಾಲು ದನದ ಸಗಣಿಯಲ್ಲಿ ಹಾಗೆಯೇ ಹೊರಬೀಳುತ್ತದೆ. ಆ ಸಗಣಿಯಲ್ಲಿ ಹುಟ್ಟಿದ ಹುಳುಮರಿಗಳು ಬೆಳೆಯದೆ ಸಾಯುತ್ತವೆಂದು 1987ರಲ್ಲಿಯೇ ಇಂಗ್ಲೆಂಡಿನ ಸಂಶೋಧಕರು ಎಚ್ಚರಿಸಿದರು. ತಾಯಿಹುಳು ಇಡುವುದು ಕೆಲವೇ ಮೊಟ್ಟೆಯೆಂದು ಹಿಂದೆ ಹೇಳಿದೆನಲ್ಲ, ಅದನ್ನು ಇಲ್ಲಿ ನೆನೆಯಬೇಕು. ಮಳೆಗಾಲದ ಆರಂಭದಲ್ಲಿ ಊರಿನ ದನಗಳಿಗೆಲ್ಲ ಒಟ್ಟಿಗೆ ಇಂಥ ಮದ್ದು ಕೊಟ್ಟರೆ, ಆ ವರ್ಷದ ಹುಳುಗಳ ಪೀಳಿಗೆಗೇ ಪೆಟ್ಟು.

ಹಾಗಾದರೆ ರೈತ ಮಾಡಬೇಕಾದುದೇನು? ದೊಡ್ಡ ಕೆಲಸವೇನೂ ಅಲ್ಲ. ಜಂತಿನ ಮದ್ದನ್ನು ರೂಢಿಯೆಂದು ಎಲ್ಲಕ್ಕೂ ಕುಡಿಸದೆ, ಪಶುವೈದ್ಯರನ್ನು ಕೇಳಿ, ಬೇಕಾದ ದನಕ್ಕೆ, ಬೇಕಾದ ಕಾಲದಲ್ಲಿ ಕೊಡುವುದು. ಮದ್ದು ಕೊಟ್ಟ ದನವನ್ನು ಕೆಲವು ದಿನ ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸುವುದು. ಸಗಣಿಯನ್ನೆಲ್ಲ ಕುಳ್ಳು ತಟ್ಟಿ ಒಲೆಗೆ ಹಾಕದೆ ನೆಲದ ಪಾಲನ್ನು ನೆಲಕ್ಕೆ ಬಿಡುವುದು. ಹಿಂದೆ ಹೊಲದಲ್ಲಿ ಕುರಿ ದನ ತರುಬುತ್ತಿದ್ದರಲ್ಲ, ಆ ಪದ್ಧತಿಯನ್ನು ಪೂರ್ತಿ ಮರೆಯದಿರುವುದು. ಬದುವನ್ನು ಅಂಚಿನವರೆಗೂ ಉತ್ತು ಬಿಡದೆ ಒಂದಿಷ್ಟು ಹುಲ್ಲು ಉಳಿಸುವುದು.

ಕರಿ ಹರಿದು ಜನ ಚದುರಿದ ಮೇಲೆ ಆ ಮುದುಕನೂ ಮೊಮ್ಮಗನೂ ಮತ್ತೆ ಬದುವಿನ ಹಾದಿಯಲ್ಲಿಯೇ ಎದುರಾದರು. ನಾನು ಓದಿ ತಿಳಿದಿದ್ದ ಆಸ್ಟ್ರೇಲಿಯದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಮುದುಕ ಕೇಳಿಸಿಕೊಂಡು ಸುಮ್ಮನೆ ನಿಂತ. ಆಮೇಲೆ ಕೆಳಗೆ ಬಗ್ಗಿ, ಹುಳು ಉಂಡೆಯ ಸಮೇತ ಇಳಿಯುತ್ತಿದ್ದ ತೂತನ್ನು ಕೋಲಿನಿಂದ ತೋರಿಸಿ ಹುಡುಗನಿಗೆ ಹೇಳಿದ:

"ನೋಡು ತಮ್ಮಾ, ಎತ್ತು ಹೊಲದ ಮ್ಯಾಲ ಹರಗ್ತದ, ಈ ಹುಳ ಹೊಲದ ಒಳಗ ಹರಗ್ತದ. ಇಬ್ರೂ ನಮ್ಮ ಮನಿಯವರೇ. ಮನಿಯವರಿಗೆ ಜಗ್ಗಾಟ ಹಚ್ಚಬಾರ್ದು."

ಹುಡುಗ ತಲೆಯಾಡಿಸಿದ. ಮುದುಕ ಕೊಂಬಿಗೆ ಬಣ್ಣ ಬಳಿದ ತನ್ನ ಎತ್ತಿನ ಹಗ್ಗ ಹಿಡಿದು, ತೂತಿನ ಮೇಲೆ ಅದರ ಕಾಲು ಬೀಳದಂತೆ ಬದುವಿನ ಆಚೆ ಮಗ್ಗುಲಿಗೆ ತಿರುಗಿಸಿ ಊರ ಕಡೆಗೆ ನಡೆಸಿಕೊಂಡು ಹೋದ.